ಬೇಕಂತಲೇ ಹಾಕಿದ ತಪ್ಪು ಗಂಟು

ತಿಪಟೂರಿನಿಂದ ಹೊರಟ ಬಸ್ಸಿನಲ್ಲಿ ಕೊಬ್ಬರಿ ವ್ಯಾಪಾರಿ ರೇಣುಕಪ್ಪನ ಕಿವಿಗೆ ಮುಂದಿನ ಸೀಟಿನ ಇಬ್ಬರು ಹೆಂಗಸರ ಮಾತು ಬಿತ್ತು. ಒಬ್ಬಳ ಮಡಿಲಲ್ಲಿ ಬ್ಯಾಗು ಹೆಣೆಯುವ ಪ್ಲಾಸ್ಟಿಕ್ ವೈರಿನ ಕಟ್ಟುಗಳಿದ್ದವು.

“ಇಷ್ಟೊಂದು ವೈರ್ ಯಾರ್ಗೇ?”

“ನಮ್ಮತ್ತೇಗೆ ಕಣೇ. ಮಾವ ಹೋದ್ಮೇಲೆ ಮೂಲೆ ಹಿಡ್ದು ಕುಂತಿದ್ರಲ್ಲ, ಈಗ ಮೊದ್ಲಿನಂಗೆ ದಿನಾ ಬ್ಯಾಗ್ ಹಾಕ್ತಾರೆ.”

“ಅದೆಂಗೆ ಎಬ್ಬಿಸ್ದೆ?”

“ನಾನಲ್ಲ, ವೈರ್ ಮಾರೋ ಧನಲಕ್ಷ್ಮಿ. ಅತ್ತೆ ಎದುರ್ಗೇ ಕುಂತು ಬೇಕಂತ್ಲೇ ತಪ್ಪುತಪ್ಪಾಗಿ ಗಂಟು ಹಾಕಿದ್ಲು. ಅತ್ತೆ ನೋಡೋಷ್ಟು ನೋಡಿ, ತಡೀಲಾರ್ದೆ ಕಿತ್ಕಂಡು, ಬಿಚ್ಚಿ ತಾವೇ ಹಾಕಿದ್ರು.”

“ತಿಪಟೂರಿಗೇ ಬ್ಯಾಗ್ ಹಾಕೋದು ಹೇಳ್ಕೊಟ್ಟೋಳಲ್ವಾ ಅವ್ಳು! ಅತ್ತೇಗೆ ಗೊತ್ತಾಗ್ಲಿಲ್ವಾ?”

“ಎಲ್ಲಿ! ‘ಪಾಪ, ಆ ಹುಡ್ಗೀಗೆ ಗಂಟೇ ಬರಕಿಲ್ಲ, ಕರ್ಕಂಡ್ ಬಾ, ಹೇಳ್ಕೊಡ್ತೀನಿ’ ಅಂತವ್ರೆ.”

ಬಿಳಿಗೆರೆಯಲ್ಲಿ ಇಬ್ಬರೂ ನಗುತ್ತ ಇಳಿದರು. ಧನಲಕ್ಷ್ಮಿಯ ಜಾಣತನಕ್ಕೆ ತಾನೂ ನಗುತ್ತ ರೇಣುಕಪ್ಪ ಕಿಟಕಿಯಾಚೆ ಕತ್ತು ಚಾಚಿ, ಆ ವೈರಿನ ಕಟ್ಟುಗಳು ಮರೆಯಾಗುವವರೆಗೂ ನೋಡಿದ.