ಮಲಾಕಿಯವರು ಬಾರದ ಭಾನುವಾರ

ನೋರೀನ್ ಹೆಗಾರ್ಟಿ, ವಯಸ್ಸು 58 ವರ್ಷ, ಪಬ್ ನಡೆಸುವ ಕಸುಬು, ವಾಸ: ಪಬ್ಬಿನ ಮೇಲಂತಸ್ತು, ಸೇತುವೆ ಬೀದಿ, ನಾಕ್‌ಬ್ರೆನಿ ಗ್ರಾಮ, ಮೇಯೋ ಜಿಲ್ಲೆ, ಐರ್ಲೆಂಡ್. ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಪಬ್ಬಿನಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಊರವರು ಸೇರಿ ವಾದ್ಯ ನುಡಿಸುವ ರೂಢಿ ನಮ್ಮ ತಂದೆಯ ಕಾಲದಿಂದಲೂ ಇದೆ. ಮಲಾಕಿ ಡೆವೇನಿ, 76 ವರ್ಷ, ಪಿಟೀಲು ನುಡಿಸುವವರು. ಮನೆಯಿಂದ ಎರಡು ಕಿಲೋಮೀಟರು ನಡೆದೇ ಬರುತ್ತಾರೆ. ಒಲೆಯ ಬಲಕ್ಕಿರುವ ಬೆಂಚಿನ ತುದಿ ಅವರದು. ಅವರು ಶ್ರುತಿ ಮಾಡುವವರೆಗೆ ಬೇರೆ ಯಾರೂ ಶುರು ಮಾಡುವುದಿಲ್ಲ.

ದಿನಾಂಕ 17-11-2019ರಂದು ಮೂರು ಗಂಟೆಗೆ ಅವರು ಬರಲಿಲ್ಲ. 3.10ಕ್ಕೆ ನನ್ನ ತಮ್ಮ ಟೈಗ್, 51 ವರ್ಷ, ಒಳಗೆ ಬಂದ. ಯಾವಾಗಲೂ ನನ್ನೆದುರು ಕೂರುವವನು ಅಂದು ಕಿಟಕಿಯ ಬಳಿ ನಿಂತ. ಅವನಿಗೆ ಕೊಟ್ಟ ಕಪ್ಪು ಬಿಯರಿನ ನೊರೆ ಇಳಿದುಹೋದರೂ ಅವನು ಲೋಟ ಮುಟ್ಟಲಿಲ್ಲ. ಬಾಗಿಲು ತೆರೆದಾಗಲೆಲ್ಲ ತಿರುಗಿ ನೋಡುತ್ತಿದ್ದ. ಅಕಾರ್ಡಿಯನ್ ನುಡಿಸುವ ಊನಾ, "ಯಾಕೋ ಟೈಗ್, ಹೆಂಡ್ತಿ ಹುಡುಕ್ಕೊಂಡು ಬರ್ತಿದಾಳಾ?" ಎಂದಳು. ಎಲ್ಲರೂ ನಕ್ಕರು. ಅವನು ನಗಲಿಲ್ಲ.

3.35ಕ್ಕೂ ಮಲಾಕಿಯವರ ಸುಳಿವಿರಲಿಲ್ಲ. ಮುದುಕ ದಾರಿಯಲ್ಲಿ ಕುರಿಗಳಿಗೆ ಪಾಠ ಹೇಳುತ್ತಿರಬೇಕೆಂದು ಯಾರೋ ತಮಾಷೆ ಮಾಡಿದರು. ಊನಾ ಒಬ್ಬಳೇ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದಳು. ಉರಿಯುತ್ತಿದ್ದ ಒಲೆಗೆ ನಾನು ಎರಡು ಸಲ ಸುಮ್ಮನೆ ಪೀಟ್ ಎಂಬ ಉರುವಲು ಮಣ್ಣಿನ ಹೆಂಟೆ ಹಾಕಿದೆ. ತೊಳೆದಿಟ್ಟ ಲೋಟಗಳನ್ನೇ ಮತ್ತೆ ಒರೆಸಿದೆ.

3.50ಕ್ಕೆ ಟೈಗ್ ನನ್ನ ಹತ್ತಿರ ಬಂದ. ಏನಾಯಿತೆಂದು ಕೇಳಿದೆ.

"ಬಿಸಿಲು ಕಣ್ಣಿಗೆ ಹೊಡೀತು ಅಕ್ಕ. ತಿರುವಲ್ಲಿ ಗಾಡಿಗೆ ಏನೋ ತಾಗ್ತು. ಕುರಿ ಅಂದ್ಕೊಂಡೆ."

"ಇಳಿದು ನೋಡ್ದ್ಯಾ?"

ಅವನು ಇಲ್ಲವೆಂದು ತಲೆಯಾಡಿಸಿದ.

ನಾನೂ ಊನಾಳೂ ಅವಳ ಕಾರಿನಲ್ಲಿ ಹೊರಟೆವು. ಪಬ್ಬಿನಿಂದ 1.4 ಕಿಲೋಮೀಟರು ದೂರದ ತಿರುವಿನಲ್ಲಿ, ರಸ್ತೆಯಿಂದ ಮೂರು ಮೀಟರು ಕೆಳಗೆ, ಮಲಾಕಿಯವರು ಹಳ್ಳದ ನೀರಿನಲ್ಲಿ ಸೊಂಟದವರೆಗೆ ಮುಳುಗಿ ಬಿದ್ದಿದ್ದರು. ಆಗ 3.58. ಎಡಗಾಲು ತಿರುಚಿತ್ತು. ಪಿಟೀಲಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎದೆಯ ಮೇಲೆತ್ತಿ ಹಿಡಿದಿದ್ದರು. "ತಡ ಆಯ್ತು ನೋರೀನ್. ಶುರು ಮಾಡಿಬಿಟ್ರಾ?" ಎಂದು ಕೇಳಿದರು. ಇಲ್ಲವೆಂದೆ. ಆಂಬುಲೆನ್ಸ್ 4.40ಕ್ಕೆ ಬಂತು.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ವಾಹನ ನೋಡಲೇ ಇಲ್ಲವೆಂದು ಪೊಲೀಸರಿಗೆ ಹೇಳಿರುವುದಾಗಿ ಮಲಾಕಿಯವರು ತಿಳಿಸಿದರು. "ಟೈಗ್ ಗಾಡಿ ಸದ್ದು ನಂಗೊತ್ತಿಲ್ವಾ? ನಿಮ್ಮಪ್ಪನ ಮಗ ಅವನು. ನೀನೂ ಸುಮ್ನಿರು" ಎಂದರು. ಸಂಜೆ ಪಬ್ಬಿಗೆ ಬಂದವರೂ ಅದನ್ನೇ ಹೇಳಿದರು. ಹೇಳುವಾಗ ಯಾರೂ ನನ್ನ ಮುಖ ನೋಡಲಿಲ್ಲ. ಆಗಿನಿಂದ ನನಗೆ ಕುಳಿತಲ್ಲಿ ಕೂರಲಾಗಿಲ್ಲ. ನಲವತ್ತು ನಿಮಿಷ ಟೈಗ್ ನಮ್ಮ ಬೆಚ್ಚನೆಯ ಕೋಣೆಯಲ್ಲಿ ನಿಂತಿದ್ದ. ಆ ನಲವತ್ತು ನಿಮಿಷವೂ ಮಲಾಕಿಯವರು ನೀರಿನಲ್ಲಿದ್ದರು.

ಮೇಲೆ ಬರೆದದ್ದನ್ನು ನನಗೆ ಓದಿ ಕೇಳಿಸಿದ್ದಾರೆ. ನಾನು ಹೇಳಿದ್ದೇ ಇದೆ, ಎಲ್ಲವೂ ಸತ್ಯ. ಒಂದು ಕಡೆ ಮಾತ್ರ "ಸದರಿ ಚಾಲಕ" ಎಂದಿದ್ದನ್ನು ಹೊಡೆದುಹಾಕಿಸಿ, "ನನ್ನ ತಮ್ಮ" ಎಂದು ಬರೆಸಿದ್ದೇನೆ.

ಸ್ಥಳ: ನಾಕ್‌ಬ್ರೆನಿ
ದಿನಾಂಕ: 19-11-2019
ಸಹಿ: ನೋರೀನ್ ಹೆಗಾರ್ಟಿ