ಸಂಕಲ್ಪದಲ್ಲಿ ಸುಧೀರನ ಹೆಸರು

ನಮ್ಮ ಕನ್ನಡ ಸಂಘದ ಅಧ್ಯಕ್ಷರಾದ ಹರಿಪ್ರಸಾದರೇ, ಸೂರತ್ತಿನ ಅಡಾಜಣ್‌ನಿಂದ ಬೆಳಗಿನ ರೈಲು ಹಿಡಿದು ಬಂದ ಮುಖ್ಯ ಅತಿಥಿ ಹೇಮಲತಾ ಅವರೇ, ವಡೋದರದ ಬಂಧುಗಳೇ, ಬಿಸಿಬೇಳೆಬಾತಿನ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಈಗಷ್ಟೇ ನನ್ನ ಸನ್ಮಾನ ಪತ್ರ ಓದಿದರು. ‘ನಂಬಿದವರನ್ನು ದೇವರು ಕೈಬಿಡುವುದಿಲ್ಲ ಎಂಬುದಕ್ಕೆ ಶ್ರೀ ಕೃಷ್ಣರಾಜರೇ ಜೀವಂತ ಸಾಕ್ಷಿ’ ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಜೀವಂತ ಎನ್ನುವುದನ್ನು ಒಪ್ಪುತ್ತೇನೆ. ಸಾಕ್ಷಿ ಎಂದು ಕರೆದ ಮೇಲೆ ಕಂಡದ್ದನ್ನು ಕಂಡ ಹಾಗೆ ಹೇಳಬೇಕಲ್ಲವೇ? ಅಧ್ಯಕ್ಷರು ಸ್ವಲ್ಪ ಹೊತ್ತು ಗಡಿಯಾರ ನೋಡಬಾರದೆಂದು ಕೋರುತ್ತೇನೆ.

ಕಳೆದ ಗಣೇಶ ಚೌತಿಯ ದಿನ ವಟ್ವಾದ ನಮ್ಮ ಬಣ್ಣದ ಕಾರ್ಖಾನೆಯಲ್ಲಿ ರಾಸಾಯನಿಕ ಕಾಯಿಸುವ ರಿಯಾಕ್ಟರ್ ಸಿಡಿಯಿತು. ಆ ಪಾಳಿ ನನ್ನದು. ನಾನು ಇಲ್ಲಿ, ಮಣಿನಗರದ ಇದೇ ಸಭಾಂಗಣದಲ್ಲಿ, ಮಡಿ ಉಟ್ಟು ಪೂಜೆಗೆ ಕುಳಿತಿದ್ದೆ. ನನ್ನ ಬದಲಿಗೆ ಹೋದವನು ಸುಧೀರ. ಹುಬ್ಬಳ್ಳಿಯವನು. ವರ್ಷಗಟ್ಟಲೆ ಒಂದೇ ಸ್ಕೂಟರಿನಲ್ಲಿ ಹೋಗಿ ಬಂದವರು ನಾವು. ದಾರಿಯುದ್ದಕ್ಕೂ ದೇವರ ವಿಷಯಕ್ಕೇ ಜಗಳ. ಅವನು ದೇವರನ್ನು ನಂಬುತ್ತಿರಲಿಲ್ಲ. ಆದರೆ ಪ್ರತಿ ಚೌತಿಗೂ ನನ್ನ ಪಾಳಿ ಮಾಡುತ್ತಿದ್ದವನು ಅವನೇ. ಆ ದಿನವೂ ಅಂದ: “ನೀ ಹೋಗಪಾ. ನಿನ್ನ ಗಣಪ್ಪನ್ನ ನೀ ನೋಡ್ಕೋ, ಈ ರಿಯಾಕ್ಟರ್ ನಾ ನೋಡ್ಕೋತೇನಿ.”

ಮಹಾಮಂಗಳಾರತಿಯ ಹೊತ್ತಿಗೆ ಫೋನ್ ಬಂತು. ಮುಂದಿನದು ನಿಮಗೆ ಗೊತ್ತು. ಅವನ ಮನೆಗೆ ನಿಮ್ಮಲ್ಲಿ ಬಹಳ ಮಂದಿ ಬಂದಿರಿ, ಅಡುಗೆ ಮಾಡಿ ತಂದಿರಿ. ಅದನ್ನು ನಾನು ಮರೆಯುವುದಿಲ್ಲ. ಅಲ್ಲೇ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಕೃಷ್ಣರಾಜರನ್ನ ಪೂಜೆ ಉಳಿಸ್ತು, ಪಾಪ ಸುಧೀರನಿಗೆ ದೇವರೂ ಇಲ್ಲ ದಿಂಡರೂ ಇಲ್ಲ” ಎಂದು ಮಾತಾಡಿಕೊಂಡದ್ದನ್ನೂ ಮರೆಯಲಾರೆ. ಪಕ್ಕದ ಕೋಣೆಯಲ್ಲಿ ಅವನ ಮಗಳು ಆಶ್ರಿತಾ ಇದ್ದಳು. ಈ ಊರಲ್ಲೇ ಬೆಳೆದ ಹುಡುಗಿ, ಕನ್ನಡ ಅಷ್ಟಕ್ಕಷ್ಟೆ ಎಂದು ನಾವೆಲ್ಲ ನಗುತ್ತೇವೆ. ಅಷ್ಟು ಕನ್ನಡ ಅವಳಿಗೆ ಅರ್ಥವಾಯಿತು.

ಹದಿಮೂರನೆಯ ದಿನ ಅವಳು ನನ್ನನ್ನು ಕೇಳಿದಳು: “ಅಂಕಲ್, ಪಪ್ಪಾ ಬಿಲೀವ್ ಮಾಡ್ತಿರಲಿಲ್ಲ ಅಂತ ಭಗವಾನ್ ಹೀಗೆ ಮಾಡಿದ್ನಾ?”

ಸಭಿಕರೇ, ಏನು ಹೇಳಬೇಕು? ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ನಮ್ಮ ಪುರೋಹಿತರಾದ ಮಹೇಶ ಭಟ್ಟರು ಎರಡನೇ ಸಾಲಿನಲ್ಲಿದ್ದಾರೆ. ವಾರವಿಡೀ ರೈಲ್ವೆ ಕಚೇರಿ, ಹಬ್ಬಕ್ಕೆ ನಮ್ಮ ಪೂಜೆ. ಅವರ ಮಂತ್ರ ಮಣಿನಗರದಲ್ಲಿ ನಿಲ್ಲದ ಸೂಪರ್‌ಫಾಸ್ಟ್ ಗಾಡಿ. ಆದರೆ ಸಂಕಲ್ಪಕ್ಕೆ ಮಾತ್ರ ನಿಲ್ಲಿಸಿ, ಯಾರ ಯಾರ ಹೆಸರಿನಲ್ಲಿ ಪೂಜೆ ಎಂದು ಕೇಳುತ್ತಾರೆ. ನಾನು ಪ್ರತಿ ವರ್ಷ ನನ್ನ ಹೆಸರು, ಮನೆಯವರ ಹೆಸರು ಹೇಳಿ, ಕೊನೆಗೆ ಮೆಲ್ಲಗೆ ಹೇಳುತ್ತಿದ್ದೆ: ಸುಧೀರ, ಹಸ್ತಾ ನಕ್ಷತ್ರ. ಹಿಂದೊಮ್ಮೆ ಊರಿಂದ ಬಂದಿದ್ದ ಅವನ ತಾಯಿ, “ಅಂವಂತೂ ಕೈ ಮುಗಿಯೂದಿಲ್ಲ, ನೀನರೆ ಅವನ ಹೆಸರ ಹೇಳಿಸಪಾ” ಎಂದು ಕೇಳಿಕೊಂಡಿದ್ದರು. ಆ ಚೌತಿಯ ದಿನವೂ ಹೇಳಿಸಿದ್ದೆ. ಸುಳ್ಳಾದರೆ ಭಟ್ಟರು ಇಲ್ಲ ಎನ್ನಲಿ.

ಅವರು ತಲೆ ತಗ್ಗಿಸಿದ್ದಾರೆ. ಇಲ್ಲ ಎನ್ನುತ್ತಿಲ್ಲ.

ಅಂದರೆ ಒಂದೇ ಪೂಜೆ, ಒಂದೇ ಮಂತ್ರ, ಒಂದೇ ಹಿಡಿ ಅಕ್ಷತೆ. ಅದರಲ್ಲಿ ನನ್ನ ಹೆಸರೂ ಇತ್ತು, ಅವನ ಹೆಸರೂ ಇತ್ತು. ದೇವರು ಅದನ್ನು ಕೇಳಲಿಲ್ಲವೇ? ಕೇಳದವನನ್ನು ನಾನು ಇನ್ನು ಹೇಗೆ ಕರೆಯಲಿ? ಅಥವಾ ಎರಡೂ ಹೆಸರು ಕೇಳಿಸಿಕೊಂಡು ಒಂದನ್ನು ಮಾತ್ರ ಇಟ್ಟುಕೊಂಡನೇ? ಹಾಗಾದರೆ ಅವನಿಗೆ ಹೇಗೆ ಕೈ ಮುಗಿಯಲಿ? ಚೌತಿಯಿಂದ ಈಚೆಗೆ ನಾನು ದೇವರ ಕೋಣೆಗೆ ಹೋಗಿಲ್ಲ. ಕೋಪ ಎಂದುಕೊಂಡಿದ್ದೆ. ಕೋಪವಾಗಿದ್ದರೆ ಎಂದಾದರೂ ಇಳಿಯುತ್ತಿತ್ತು.

ಈ ಸಂಕಲ್ಪದ ಮಾತನ್ನು, ಅಗೋ ಅಮ್ಮನ ಪಕ್ಕ ಕುಳಿತಿರುವ ಆಶ್ರಿತಾಗೆ ಮೊದಲೇ ಹೇಳಿದ್ದೆ. “ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಿ ಅಂಕಲ್” ಎಂದಳು. ಅದಕ್ಕೇ ಭಟ್ಟರ ಎದುರು, ನಿಮ್ಮೆಲ್ಲರ ಎದುರು ಹೇಳುತ್ತಿದ್ದೇನೆ. ಮಗೂ, ನಿನ್ನ ಅಪ್ಪ ನಂಬದೆ ಇದ್ದದ್ದಕ್ಕೆ ಸಾಯಲಿಲ್ಲ. ನಾನು ನಂಬಿದ್ದಕ್ಕೆ ಉಳಿಯಲೂ ಇಲ್ಲ.

ಇಷ್ಟನ್ನು ಎಲ್ಲರೆದುರು ಹೇಳಲು ತಿಂಗಳುಗಟ್ಟಲೆ ಹಿಂದೇಟು ಹಾಕಿದ್ದು ಅವಳ ತಾಯಿ ನಳಿನಿಗಾಗಿ. ಆಕೆ ನನ್ನನ್ನು ಅಣ್ಣಾ ಎನ್ನುತ್ತಾಳೆ. “ಒಂದ್ ದಿನಾ ಕೈ ಮುಗದವ್ರಲ್ರಿ ಅವರು. ದೇವ್ರರ ಎಷ್ಟ್ ಸರ್ತಿ ಕಾಯ್ತಾನ್ರಿ ಅಣ್ಣಾ?” ಎಂದು ಹೇಳುತ್ತಲೇ ಎರಡು ಹೊತ್ತು ದೀಪ ಹಚ್ಚುತ್ತಾಳೆ. ತಪ್ಪು ಗಂಡನದು, ದೇವರದಲ್ಲ ಎಂದುಕೊಂಡೇ ಆಕೆ ಇಷ್ಟು ದಿನ ನೂಕಿದ್ದಾಳೆ. ಗಂಡನ ಹೆಸರೂ ಸಂಕಲ್ಪದಲ್ಲಿತ್ತು ಎಂದು ಆಕೆಗೆ ತಿಳಿದದ್ದು ಈಗ, ನಿಮ್ಮ ಜೊತೆಯಲ್ಲಿ.

ನಳಿನಿ ಎದ್ದಿದ್ದಾಳೆ. ದಯವಿಟ್ಟು ಕಾಲು ತೆಗೆದು ದಾರಿ ಬಿಡಿ. ತಂಗಿ, ನಿನ್ನನ್ನು ಕೂರು ಎನ್ನುವ ಧೈರ್ಯ ನನಗಿಲ್ಲ. ಆಶ್ರಿತಾ, ನನ್ನನ್ನು ನೋಡಬೇಡ, ಅಮ್ಮನ ಜೊತೆ ಹೋಗು.

ಮಗಳಿಗೆ ಉತ್ತರ ಕೊಟ್ಟೆ. ತಾಯಿ ಈ ಸಂಜೆ ಮನೆಗೆ ಹೋಗಿ ಯಾರ ಮುಂದೆ ದೀಪ ಹಚ್ಚಬೇಕು? ಬಲ್ಲವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಊಟಕ್ಕೆ ಏಳುವ ಮೊದಲು ಆಕೆಯ ಹಿಂದೆ ಹೋಗಿ ಹೇಳಿ. ನನಗೆ ಗೊತ್ತಿಲ್ಲ.

ಇಷ್ಟು ಹೊತ್ತು ತಡೆಯದೆ ಕೇಳಿದ್ದಕ್ಕೆ ನಿಮಗೆಲ್ಲ ಋಣಿ. ನಮಸ್ಕಾರ.