ಅವಳ ಕೈಯಲ್ಲಿ ನಿಂತ ವಾಚು

ಸಭೆಯ ಅಧ್ಯಕ್ಷರಾದ ಡಾಕ್ಟರೇ, ಕಾರ್ಯದರ್ಶಿಗಳೇ, ಮುಂದಿನ ಸಾಲಿನ ಹಿರಿಯರೇ, ಮತ್ತು ಒಬ್ಬರ ವಾಚಿಗೂ ಇನ್ನೊಬ್ಬರ ವಾಚಿಗೂ ತಾಳೆಯಿಲ್ಲದ ನನ್ನ ಪ್ರೀತಿಯ ಸಭಿಕರೇ,

ಕೈಗಡಿಯಾರ ಪ್ರೇಮಿಗಳ ಸಂಘದ ವಾರ್ಷಿಕೋತ್ಸವ ಎಂದೂ ಹೊತ್ತಿಗೆ ಸರಿಯಾಗಿ ಶುರುವಾದದ್ದಿಲ್ಲ. ಇಂದೂ ಆ ಸಂಪ್ರದಾಯಕ್ಕೆ ಚ್ಯುತಿ ಬಂದಿಲ್ಲ. ಈ ವರ್ಷದ ಸಂಗ್ರಹಕಾರನೆಂದು ನನ್ನನ್ನೂ ನನ್ನ ಹೆಂಡತಿಯನ್ನೂ ಸನ್ಮಾನಿಸುತ್ತೀರಂತೆ. ಮಗಳು ಅವಳನ್ನು ಕರೆತರುತ್ತಿದ್ದಾಳೆ, ಇನ್ನೇನು ಬಂದಾರು. ಅಷ್ಟರೊಳಗೆ ಮೆಕ್ಯಾನಿಕಲ್ ಮೇಲೋ ಸೆಲ್ಲಿನ ಕ್ವಾರ್ಟ್ಜ್ ಮೇಲೋ ಎಂಬುದರ ಬಗ್ಗೆ ನಾಲ್ಕು ಮಾತಾಡಬೇಕೆಂದು ಅಪ್ಪಣೆಯಾಗಿದೆ.

ನನ್ನ ಅಭಿಪ್ರಾಯ ನಿಮಗೆ ಗೊತ್ತಿಲ್ಲವೇ? ಸೆಲ್ ಹಾಕಿದ ವಾಚು ವಾಚೇ ಅಲ್ಲ, ಅದು ಟಾರ್ಚಿನ ತಮ್ಮ ಎಂದು ಇದೇ ಮೈಕಿನಲ್ಲಿ ಎಷ್ಟು ಸಲ ಹೇಳಿಲ್ಲ! ಆಟೋಮ್ಯಾಟಿಕ್ ವಾಚನ್ನು ಎಷ್ಟು ಹೊಗಳಿಲ್ಲ! ಅದಕ್ಕೆ ಕೀ ಬೇಡ, ಸೆಲ್ ಬೇಡ. ಕಟ್ಟಿಕೊಂಡವರು ಕೈ ಬೀಸಿದರೆ ಒಳಗಿನ ಪುಟ್ಟ ತೂಕ ತಿರುಗುತ್ತದೆ, ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಕೈ ಆಡಿದರೆ ವಾಚು ಓಡುತ್ತದೆ, ಅಷ್ಟೇ. ಆದರೆ ಇಂದು ನಾನು ಪಕ್ಷ ಬದಲಿಸಿದ್ದೇನೆ. ನಗಬೇಡಿ, ಕಾರಣ ಹೇಳುತ್ತೇನೆ.

ಹೊಲಿಗೆ ಶಾಲೆಯಲ್ಲಿ ಟೀಚರಾಗಿದ್ದ ನನ್ನ ಹೆಂಡತಿ ನಿವೃತ್ತಳಾದ ದಿನ, ನನ್ನ ಸಂಗ್ರಹದಲ್ಲೇ ಚೆಂದದ ಆಟೋಮ್ಯಾಟಿಕ್ಕನ್ನು ಅವಳಿಗೆ ಕಟ್ಟಿದ್ದೆ. ಒಂದು ಕಡೆ ಕೂತು ಗೊತ್ತಿಲ್ಲದ ಹೆಂಗಸು ಅವಳು. ಅಂಥವಳ ಕೈಯಲ್ಲಿ ಅದು ನಿಲ್ಲುವುದುಂಟೇ? ಈಚೆಗೆ ನಿಲ್ಲತೊಡಗಿತು. "ಬಿಚ್ಚಿಟ್ಟು ಮರೀತೀಯ" ಎಂದು ರೇಗಿದೆ. "ಅಯ್ಯೋ, ಸ್ನಾನಕ್ಕೆ ಬಿಟ್ರೆ ಬಿಚ್ಚೇ ಇಲ್ಲ ಕಣ್ರೀ" ಎಂದಳು. ನಾನು ಕಟ್ಟಿಕೊಂಡೆ, ಕುದುರೆಯ ಹಾಗೆ ಓಡಿತು. ಮತ್ತೆ ಅವಳಿಗೆ ಕಟ್ಟಿದೆ, ನಿಂತಿತು. ರಿಪೇರಿಗೆ ಕೊಟ್ಟೆ, ಎಣ್ಣೆ ಬಿಡಿಸಿದೆ, ಸ್ಪ್ರಿಂಗ್ ಬದಲಿಸಿದೆ. ಮತ್ತೂ ನಿಂತಿತು. ಸಭಿಕರೇ, ವಾಚು ನಿಂತರೆ ನಾವು ಏನು ಮಾಡುತ್ತೇವೆ? ವಾಚನ್ನು ಬಿಚ್ಚುತ್ತೇವೆ. ಕೈಯನ್ನು ನೋಡಬೇಕೆಂದು ನಮ್ಮಲ್ಲಿ ಯಾರಿಗೆ ಹೊಳೆಯುತ್ತದೆ?

ಒಂದು ಮಧ್ಯಾಹ್ನ ಮಹಡಿಯ ಮೇಲೆ ಅವಳು ಬಟ್ಟೆ ಒಣಹಾಕುತ್ತಿದ್ದಳು. ಕ್ಲಿಪ್ಪು ಹಲ್ಲಿನಲ್ಲಿ, ಕೆಲಸವೆಲ್ಲ ಬಲಗೈಯಲ್ಲಿ. ವಾಚು ಕಟ್ಟಿದ ಎಡಗೈ ಪಕ್ಕಕ್ಕೆ ಅಂಟಿಕೊಂಡು ಸುಮ್ಮನಿತ್ತು. ಬಕೆಟ್ ಹಿಡಿಯದೆ ನಡೆದು ಬಂದಾಗಲೂ ಬಲಗೈ ಬೀಸುತ್ತಿತ್ತು, ಎಡಗೈ ಬೀಸುತ್ತಿರಲಿಲ್ಲ. "ಕೈ ನೋವಾ?" ಎಂದೆ. "ಯಾವ ಕೈ?" ಎಂದು ನನ್ನನ್ನೇ ಕೇಳಿದಳು. ಅವಳಿಗೆ ಗೊತ್ತೇ ಇಲ್ಲ!

ಆಮೇಲೆ ನಾನೇನು ಮಾಡಿದೆ? ಡಾಕ್ಟರ ಹತ್ತಿರ ಓಡಿದೆನೇ? ಇಲ್ಲ. ಅಂಗಡಿಗೆ ಹೋಗಿ ಕ್ವಾರ್ಟ್ಜ್ ವಾಚು ತಂದು ಅವಳಿಗೆ ಕಟ್ಟಿದೆ. "ನೀವು ಸೆಲ್ ವಾಚ್ ತಂದ್ರಾ? ಮೈ ಸರಿ ಇದೆ ತಾನೇ ನಿಮಗೆ?" ಎಂದು ನಕ್ಕಳು. ಅದು ಓಡುತ್ತಿದೆ. ಕೈ ಆಡಲಿ ಬಿಡಲಿ, ಓಡುತ್ತಲೇ ಇದೆ. ಕ್ವಾರ್ಟ್ಜಿನ ದೊಡ್ಡ ಗುಣವೇ ಅದು, ಕಟ್ಟಿಕೊಂಡವರ ಗೋಜಿಗೇ ಹೋಗುವುದಿಲ್ಲ. ನನಗೆ ಮಾತ್ರ ನೆಮ್ಮದಿಯಿಲ್ಲ. ಅವಳು ಚಹಾದ ಲೋಟ ಎತ್ತಿದರೆ ನೋಡುತ್ತೇನೆ, ಸೂಜಿಗೆ ದಾರ ಪೋಣಿಸಲು ಕೂತರೆ ಎದ್ದು ಹೋಗುತ್ತೇನೆ. ಇಂದು ಎಡಗೈ, ನಾಳೆ ಯಾವುದು?

ಅಧ್ಯಕ್ಷರೇ, ಡಾಕ್ಟರೇ, ರಸ್ತೆಯಲ್ಲಿ ನೀವು ಎದುರಾದಾಗಲೆಲ್ಲ ನಾನು ಕಂಡ ಅಂಗಡಿಗೆ ನುಗ್ಗಿದ್ದೇನೆ. ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ನೀವು ಕೇಳಿಬಿಟ್ಟರೆ ಎಂಬ ಭಯ. ನಿಮ್ಮ ಕೋಣೆಗೆ ಬಂದು ಹೇಳಲಾಗದ್ದನ್ನು ಮೈಕಿನಲ್ಲಿ ಹೇಳುತ್ತಿದ್ದೇನೆ, ನೋಡಿ ನನ್ನ ಬುದ್ಧಿ! ಹೂಗುಚ್ಛ ಕೊಡುವಾಗ ಅವಳ ಎಡಗೈಯನ್ನು ಒಮ್ಮೆ ಹಿಡಿದು ನೋಡಿ. ಏನು ಕಂಡರೂ ನನಗೆ ಹೇಳಬೇಡಿ. ಇಲ್ಲ, ಹೇಳಿ. ಇವತ್ತೇ ಹೇಳಿ, ನಾಳೆಯಾದರೆ ನಾನು ಮತ್ತೆ ತಪ್ಪಿಸಿಕೊಳ್ಳುತ್ತೇನೆ.

ಅಗೋ, ಗೇಟಿನಲ್ಲಿ ಕಾರು ನಿಂತಿತು. ಸಭಿಕರೇ, ಬೇಗ ಒಂದು ಮಾತು. ನಾನು ಮುಗಿಸಿದ ಮೇಲೆ ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ನೀವು ತಟ್ಟಿದರೆ ಅವಳೂ ತಟ್ಟಲು ಹೋಗುತ್ತಾಳೆ. ಎಡಗೈ ಆಡದ್ದು ಅವಳಿಗೆ ಇಷ್ಟು ಜನರ ನಡುವೆ ಗೊತ್ತಾಗುವುದು ಬೇಡ.

ಬಾ, ಬಾ. ಮುಂದೆ ಬಾ, ಇಲ್ಲಿ ಕುರ್ಚಿ ಇದೆ. ಏನಿಲ್ಲ, ಕ್ವಾರ್ಟ್ಜ್ ವಾಚನ್ನು ಹೊಗಳುತ್ತಿದ್ದೆ. ಹೌದು, ನಾನೇ! ಎಲ್ಲರೂ ಸುಮ್ಮನೆ ಕೂತಿದ್ದಾರೆ, ಆಶ್ಚರ್ಯ ಅವರಿಗೆ.

ಹಾಗಾಗಿ, ಕಾಲಕ್ಕೆ ತಕ್ಕಂತೆ ನಾವೂ ಬದಲಾಗಬೇಕು ಎಂದು ಹೇಳುತ್ತಾ, ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೂ, ಈ ಗೌರವ ಕೊಟ್ಟ ಸಂಘಕ್ಕೂ ಧನ್ಯವಾದ ಹೇಳಿ ನನ್ನ ಮಾತನ್ನು...

ಮಗಳೇ, ಬೇಡಮ್ಮ, ನೀನು ತಟ್ಟಬೇಡ. ಅಮ್ಮನ ಕೈ ಹಿಡ್ಕೊ. ಆ ಕೈ ಅಲ್ಲ, ಎಡಗೈ. ಬಿಡಬೇಡ.

ನಮಸ್ಕಾರ.